ಗಾಳಕ್ಕೆ ಸಿಕ್ಕ ಲೋಕಸರ್ಪ, ದಾರ ಕತ್ತರಿಸಿದ ಹಿಮಿರ್

ಸ್ವೀಡನ್ನಿನ ಉಪ್ಲಾಂಡ್ ಪ್ರಾಂತ್ಯದಲ್ಲಿ ಆಲ್ಟುನಾ ಎಂಬ ಊರಿನ ಚರ್ಚಿನ ಬಳಿ ಹನ್ನೊಂದನೆಯ ಶತಮಾನದ ಒಂದು ರೂನ್ ಶಿಲೆಯಿದೆ, ಅಂದರೆ ರೂನ್ ಎಂಬ ಹಳೆಯ ಲಿಪಿಯಲ್ಲಿ ಬರೆದ ಕಲ್ಲು. ಬೆಂಕಿಯಲ್ಲಿ ಸುಟ್ಟು ಸತ್ತ ತಂದೆ ಮತ್ತು ಮಗನ ನೆನಪಿಗಾಗಿ ಮನೆಯವರು ನಿಲ್ಲಿಸಿದ ಕಲ್ಲು ಅದು. ಇಬ್ಬರೂ ಸುಟ್ಟುಹೋದರೆಂಬ ಮಾತು ಅದರ ಮೇಲಿನ ಬರಹದಲ್ಲಿಯೇ ಇದೆ. ಆ ಶಿಲೆಯ ಕಿರಿದಾದ ಒಂದು ಮಗ್ಗುಲಿನಲ್ಲಿ, ಕೆಳಭಾಗದಲ್ಲಿ, ಒಂದು ಪುಟ್ಟ ದೋಣಿಯನ್ನೂ ಅದರಲ್ಲಿ ಒಬ್ಬನೇ ಮನುಷ್ಯನನ್ನೂ ಕೆತ್ತಿದ್ದಾರೆ. ಅವನ ಒಂದು ಕೈಯಲ್ಲಿ ಮೇಲೆತ್ತಿದ ಸುತ್ತಿಗೆಯಿದೆ, ಇನ್ನೊಂದು ಕೈಯಿಂದ ಗಾಳದ ದಾರ ನೀರಿಗಿಳಿದಿದೆ, ದಾರದ ತುದಿಯಲ್ಲಿ ದೊಡ್ಡದೊಂದು ಎರೆ, ಅದರ ಸುತ್ತ ಹಾವಿನ ಮೈ. ಆದರೆ ನೋಡುವವರ ಕಣ್ಣು ಕೊನೆಗೆ ನಿಲ್ಲುವುದು ಇವುಗಳಲ್ಲಿ ಯಾವುದರ ಮೇಲೂ ಅಲ್ಲ. ಆ ಮನುಷ್ಯನ ಒಂದು ಪಾದ ದೋಣಿಯ ತಳವನ್ನು ತೂರಿ ಹೊರಬಂದು ನೀರಿನೊಳಗೆ ಇಳಿದಿದೆ. ಕೆತ್ತಿದವನಿಗೆ ಜಾಗ ತೀರಾ ಕಡಿಮೆಯಿತ್ತು, ಎಷ್ಟೋ ಸಂಗತಿಗಳನ್ನು ಅವನು ಬಿಡಲೇಬೇಕಾಗಿತ್ತು; ಈ ಪಾದವನ್ನು ಮಾತ್ರ ಅವನು ಬಿಡಲಿಲ್ಲ. ಅದೊಂದಿದ್ದರೆ ಸಾಕು, ಆ ಕಾಲದ ಜನ ಕಥೆ ಯಾವುದೆಂದು ಗುರುತಿಸುತ್ತಿದ್ದರು.

ದೋಣಿಯಲ್ಲಿರುವವನು ಗುಡುಗಿನ ದೇವರಾದ ಥಾರ್. ಗಾಳಕ್ಕೆ ಸಿಕ್ಕಿರುವುದು ಮಿಡ್‌ಗಾರ್ಡಿನ ಸರ್ಪ, ಅಂದರೆ ಯೋರ್ಮುಂಗಾಂಡರ್. ಉತ್ತರ ಯೂರೋಪಿನ ಹಳೆಯ ಪುರಾಣಗಳಲ್ಲಿ ಮನುಷ್ಯರು ಬಾಳುವ ನೆಲಕ್ಕೆ ಮಿಡ್‌ಗಾರ್ಡ್ ಎಂದು ಹೆಸರು. ಆ ನೆಲದ ಸುತ್ತ ಕಡಲು, ಆ ಕಡಲಿನೊಳಗೆ ಇಡೀ ನೆಲವನ್ನು ಬಳಸಿಕೊಂಡು ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಮಲಗಿರುವ ಹಾವು. ಥಾರನ ಸಾಹಸಗಳಲ್ಲಿ ಈ ಮೀನುಬೇಟೆಯಷ್ಟು ಸಲ ಕಲ್ಲಿನ ಮೇಲೆ ಕೆತ್ತಲ್ಪಟ್ಟ ಕಥೆ ಇನ್ನೊಂದಿಲ್ಲ. ಕಥೆಯಲ್ಲಿ ಮೂರನೆಯವನೊಬ್ಬನಿದ್ದಾನೆ, ಆಲ್ಟುನಾದ ಕಲ್ಲಿನಲ್ಲಿ ಅವನಿಲ್ಲ. ಅವನು ದೋಣಿಯ ಒಡೆಯನಾದ ದೈತ್ಯ ಹಿಮಿರ್. ಈ ಬರಹವನ್ನು ನಾನು ಬರೆಯುತ್ತಿರುವುದು ಬಹುಮಟ್ಟಿಗೆ ಅವನ ಪರವಾಗಿ.

ಮೊದಲು ಸರ್ಪದ ಹುಟ್ಟನ್ನು ಹೇಳಬೇಕು. ಕಥೆಗಳ ಮುಖ್ಯ ಆಧಾರ ಐಸ್‌ಲ್ಯಾಂಡಿನ ಪಂಡಿತ, ಕವಿ, ರಾಜಕಾರಣಿ ಸ್ನೊರಿ ಸ್ಟುರ್ಲುಸನ್. ಅವನು 1179ರಲ್ಲಿ ಹುಟ್ಟಿ 1241ರಲ್ಲಿ ಹಗೆಗಳ ಕೈಯಲ್ಲಿ ಕೊಲೆಯಾದವನು. ಹಳೆಯ ಕಾವ್ಯವನ್ನು ಅರಿಯಬೇಕಾದ ಎಳೆಯ ಕವಿಗಳಿಗಾಗಿ 1220ರ ಸುಮಾರಿಗೆ ಅವನು ಬರೆದ ಗದ್ಯ ಎಡ್ಡಾ ಇಲ್ಲದಿದ್ದರೆ ಈ ಪುರಾಣಗಳ ಅರ್ಧದಷ್ಟು ನಮಗೆ ಸಿಗುತ್ತಲೇ ಇರಲಿಲ್ಲ. ಅವನು ಹೇಳುವಂತೆ ದೇವತೆಗಳ ನಡುವೆಯೇ ಬಾಳುವ ಕುತಂತ್ರಿ ಲೋಕಿಗೂ ಆಂಗ್ರ್‌ಬೋದಾ ಎಂಬ ದೈತ್ಯ ಹೆಣ್ಣಿಗೂ ಮೂವರು ಮಕ್ಕಳು: ಫೆನ್ರಿರ್ ಎಂಬ ತೋಳ, ಈ ಸರ್ಪ, ಮತ್ತು ಹೆಲ್ ಎಂಬ ಮಗಳು. ಇವರಿಂದ ಮುಂದೆ ದೊಡ್ಡ ಕೇಡಾಗುತ್ತದೆಂಬ ಭವಿಷ್ಯವಾಣಿ ದೇವತೆಗಳ ಕಿವಿಗೆ ಬಿತ್ತು. ದೇವತೆಗಳ ಒಡೆಯ ಓಡಿನ್ ಮೂವರನ್ನೂ ಹಿಡಿದು ತರಿಸಿದ. ಹೆಲ್‌ಳನ್ನು ಸತ್ತವರ ಲೋಕಕ್ಕೆ ಅಟ್ಟಿದರು, ತೋಳವನ್ನು ಮನೆಯಲ್ಲಿಯೇ ಸಾಕಿದರು, ಹಾವಿನ ಮರಿಯನ್ನು ಆಳವಾದ ಕಡಲಿಗೆ ಎಸೆದರು. ಕಡಲಿನಲ್ಲಿ ಅದು ಬೆಳೆಯಿತು. ಎಲ್ಲ ನೆಲಗಳನ್ನೂ ಸುತ್ತಿ ತಲೆಗೆ ಬಾಲ ಮುಟ್ಟುವವರೆಗೆ ಬೆಳೆಯಿತು.

ಇಲ್ಲಿ ನಮ್ಮ ಓದುಗರಿಗೆ ಆದಿಶೇಷನ ನೆನಪಾಗುವುದು ಸಹಜ. ಆದರೆ ಹೋಲಿಕೆ ಹೆಚ್ಚು ದೂರ ಹೋಗುವುದಿಲ್ಲ. ಶೇಷ ತಾನಾಗಿ ಒಪ್ಪಿ ಭೂಮಿಯನ್ನು ಹೊತ್ತವನು, ಬ್ರಹ್ಮನ ವರ ಪಡೆದವನು, ವಿಷ್ಣುವಿನ ಹಾಸಿಗೆಯಾದವನು. ಯೋರ್ಮುಂಗಾಂಡರ್‌ನನ್ನು ಯಾರೂ ಕೇಳಲಿಲ್ಲ. ಮುಂದೆ ಮಾಡಬಹುದಾದ ತಪ್ಪಿಗಾಗಿ, ಇನ್ನೂ ಏನನ್ನೂ ಮಾಡದಿರುವಾಗಲೇ, ಮರಿಯಾಗಿರುವಾಗಲೇ ಹೊರಗೆ ಎಸೆಯಲ್ಪಟ್ಟ ಜೀವ ಅದು. ಎಸೆದ ಜಾಗದಲ್ಲಿಯೇ ಬೆಳೆದು ಅದು ಲೋಕದ ಎಲ್ಲೆಯಾಯಿತು. ದೇವತೆಗಳು ತಾವು ಹೆದರಿ ದೂರ ತಳ್ಳಿದ್ದನ್ನೇ ಬೇಲಿಯಾಗಿ ಪಡೆದರು. ಆ ಬೇಲಿಯೊಳಗೆ ಮನುಷ್ಯರು ಉತ್ತು, ಬಿತ್ತು, ಮೀನು ಹಿಡಿದು ಬದುಕಿದರು. ಹಿಮಿರನ ಕುರಿತು ಬರೆಯುವ ಕವನವೊಂದರಲ್ಲಿ ಈ ಹಾವನ್ನು ಎಲ್ಲ ನೆಲಗಳಿಗೂ ಕೆಳಗಿನಿಂದ ಬಿಗಿದ ನಡುಕಟ್ಟು ಎಂದೇ ಕರೆದಿದ್ದಾರೆ. ಅದು ಹೊಗಳಿಕೆಯಲ್ಲದಿರಬಹುದು, ಆದರೆ ಬರಿಯ ಬೈಗುಳವೂ ಅಲ್ಲ.

ಥಾರ್ ಈ ಹಾವನ್ನು ಮೊದಲ ಸಲ ಎದುರಿಸಿದ್ದು ಅದು ಹಾವೆಂದು ತಿಳಿಯದೆ. ಉಟ್‌ಗಾರ್ಡ್ ಲೋಕಿ ಎಂಬ ಮಾಯಾವಿ ದೈತ್ಯನ (ಸರ್ಪದ ತಂದೆ ಲೋಕಿಯಲ್ಲ, ಇವನು ಬೇರೆ) ಅರಮನೆಯಲ್ಲಿ ಅವನಿಗೆ ಒಂದು ಬೂದು ಬಣ್ಣದ ಬೆಕ್ಕನ್ನು ನೆಲದಿಂದ ಎತ್ತುವಂತೆ ಹೇಳುತ್ತಾರೆ. ಹೊಟ್ಟೆಯ ಕೆಳಗೆ ಕೈಯಿಟ್ಟು ಎತ್ತಿದಷ್ಟೂ ಬೆಕ್ಕು ಬೆನ್ನನ್ನು ಬಿಲ್ಲಿನಂತೆ ಬಾಗಿಸುತ್ತದೆ. ಕೊನೆಗೆ ಒಂದು ಪಂಜ ಮಾತ್ರ ನೆಲ ಬಿಡುತ್ತದೆ. ಸೋತೆನೆಂದು ಥಾರ್ ತಲೆ ತಗ್ಗಿಸುತ್ತಾನೆ. ಮರುದಿನ ಬೀಳ್ಕೊಡುವಾಗ ದೈತ್ಯ ನಿಜ ಹೇಳುತ್ತಾನೆ: ಅದು ಬೆಕ್ಕಲ್ಲ, ಲೋಕವನ್ನು ಸುತ್ತಿದ ಸರ್ಪ, ಅದರ ಒಂದು ಪಂಜ ನೆಲದಿಂದ ಮೇಲೆದ್ದಾಗ ಅಲ್ಲಿದ್ದವರೆಲ್ಲರೂ ನಡುಗಿಹೋದರು. ಈ ಕಥೆಯನ್ನು ಥಾರನ ಬಲಕ್ಕೆ ಸಾಕ್ಷಿಯೆಂದು ಓದುವುದು ವಾಡಿಕೆ. ನನಗೆ ಮಾತ್ರ ಅಲ್ಲಿ ನೆರೆದವರ ನಡುಕವೇ ಮುಖ್ಯವಾಗಿ ಕಾಣುತ್ತದೆ. ಅವರು ದೈತ್ಯರು, ಸರ್ಪದ ಬಂಧುಗಳು. ಆದರೂ ಅದು ಇರುವ ಜಾಗದಿಂದ ಕದಲುವುದನ್ನು ಅವರೂ ಬಯಸುವುದಿಲ್ಲ.

ಆ ಅವಮಾನ ತೀರಿಸಿಕೊಳ್ಳಲೆಂದೇ ಥಾರ್ ಮೀನುಬೇಟೆಗೆ ಹೊರಟ ಎಂದು ಸ್ನೊರಿ ಹೇಳುತ್ತಾನೆ. ಎಳೆಯ ಹುಡುಗನ ರೂಪದಲ್ಲಿ, ಜೊತೆಗೆ ಯಾರೂ ಇಲ್ಲದೆ, ಅವನು ಸಂಜೆ ಹಿಮಿರನ ಮನೆ ಸೇರುತ್ತಾನೆ. ಬೆಳಿಗ್ಗೆ ಹಿಮಿರ್ ಕಡಲಿಗೆ ಹೊರಡುವಾಗ ತಾನೂ ಬರುತ್ತೇನೆ ಎನ್ನುತ್ತಾನೆ. ನೀನು ಸಣ್ಣವನು, ನಾನು ಹೋಗುವಷ್ಟು ದೂರ ಹೋಗಿ ಅಷ್ಟು ಹೊತ್ತು ಕೂತರೆ ಚಳಿಯಲ್ಲಿ ಸತ್ತುಹೋಗುತ್ತೀಯೆ ಎಂದು ಹಿಮಿರ್ ಹೇಳುತ್ತಾನೆ. ಎರೆ ಕೇಳಿದರೆ, ನಿನ್ನ ಎರೆಯನ್ನು ನೀನೇ ಹುಡುಕಿಕೋ ಎನ್ನುತ್ತಾನೆ. ಥಾರ್ ನೇರವಾಗಿ ಹಿಮಿರನ ದನಗಳ ಹಿಂಡಿಗೆ ಹೋಗಿ, ಅಲ್ಲಿದ್ದ ಅತಿ ದೊಡ್ಡ ಎತ್ತಿನ ತಲೆಯನ್ನು ಕಿತ್ತು ತರುತ್ತಾನೆ. ಅಷ್ಟರಲ್ಲಿ ಹಿಮಿರ್ ದೋಣಿಯನ್ನು ನೀರಿಗೆ ನೂಕಿಯಾಗಿರುತ್ತದೆ.

ಇಲ್ಲಿಂದ ಮುಂದೆ ಸ್ನೊರಿಯ ಕಥನದಲ್ಲಿ ಕಡಲ ಕೆಲಸ ಬಲ್ಲವರ ಮಾತು ಕೇಳಿಸತೊಡಗುತ್ತದೆ. ಥಾರ್ ಹಿಂಭಾಗದಲ್ಲಿ ಕೂತು ಎರಡು ಹುಟ್ಟು ಹಾಕುತ್ತಾನೆ, ಹಿಮಿರ್ ಮುಂಭಾಗದಲ್ಲಿ. ಸ್ವಲ್ಪ ಹೊತ್ತಿಗೆ ಹಿಮಿರ್, ನಾನು ದಿನವೂ ಕೂತು ಚಪ್ಪಟೆ ಮೀನು ಹಿಡಿಯುವ ಜಾಗ ಬಂತು, ಇಲ್ಲಿಯೇ ನಿಲ್ಲಿಸೋಣ ಎನ್ನುತ್ತಾನೆ. ನಮ್ಮ ಕರಾವಳಿಯಲ್ಲಿ ನಂಗ್ ಎಂದು ಕರೆಯುವ ಮೀನಿನಂತೆ ತಳಕ್ಕೆ ಅಂಟಿಕೊಂಡು ಬದುಕುವ ಜಾತಿಗಳವು. ಅವು ಎಲ್ಲಿ ಸಿಗುತ್ತವೆಂಬುದು ವರ್ಷಗಟ್ಟಲೆ ಅದೇ ನೀರಿನಲ್ಲಿ ದಾರ ಇಳಿಬಿಟ್ಟವನಿಗೆ ಮಾತ್ರ ಗೊತ್ತಿರುತ್ತದೆ. ಥಾರ್ ಒಪ್ಪುವುದಿಲ್ಲ, ಇನ್ನೂ ದೂರ ಹೋಗಬೇಕೆನ್ನುತ್ತಾನೆ. ಮತ್ತೆ ರಭಸದಿಂದ ಹುಟ್ಟು ಹಾಕುತ್ತಾನೆ. ಇನ್ನು ಮುಂದೆ ಹೋದರೆ ಮಿಡ್‌ಗಾರ್ಡಿನ ಸರ್ಪದಿಂದ ಅಪಾಯ ಎಂದು ಹಿಮಿರ್ ಎಚ್ಚರಿಸುತ್ತಾನೆ. ಥಾರ್ ಅದಕ್ಕೂ ಕಿವಿಗೊಡುವುದಿಲ್ಲ. ಹಿಮಿರ್ ಮಂಕಾಗಿ ಕೂರುತ್ತಾನೆ. ದೋಣಿ ಅವನದು, ಎತ್ತು ಅವನದು, ಕಡಲಿನ ಅರಿವು ಅವನದು. ತೀರ್ಮಾನ ಮಾತ್ರ ಬೇರೆಯವರದು.

ಗಾಳ ತಳ ಮುಟ್ಟುತ್ತದೆ. ಸರ್ಪ ಎತ್ತಿನ ತಲೆಗೆ ಬಾಯಿ ಹಾಕುತ್ತದೆ, ಕೊಕ್ಕೆ ಅಂಗುಳಕ್ಕೆ ನಾಟುತ್ತದೆ, ಅದು ಎಳೆದ ರಭಸಕ್ಕೆ ಥಾರನ ಎರಡು ಮುಷ್ಟಿಗಳೂ ದೋಣಿಯ ಅಂಚಿಗೆ ಬಡಿಯುತ್ತವೆ. ಥಾರನಿಗೆ ಸಿಟ್ಟು ಬರುತ್ತದೆ. ತನ್ನ ದೈವಬಲವನ್ನೆಲ್ಲ ಕೂಡಿಸಿ ಕಾಲೂರುತ್ತಾನೆ. ಎರಡೂ ಕಾಲು ದೋಣಿಯ ತಳವನ್ನು ತೂರಿ ಕಡಲಿನ ತಳಕ್ಕೆ ಊರಿಕೊಳ್ಳುತ್ತವೆ. ನೆಲದ ಮೇಲೆ ನಿಂತವನಂತೆ ನಿಂತು ಅವನು ಹಾವನ್ನು ಅಂಚಿನವರೆಗೆ ಎಳೆದು ತರುತ್ತಾನೆ. ಥಾರ್ ಹಾವನ್ನು ದಿಟ್ಟಿಸುತ್ತಾನೆ, ಹಾವು ಕೆಳಗಿನಿಂದ ಅವನನ್ನು ದಿಟ್ಟಿಸುತ್ತ ವಿಷ ಉಗುಳುತ್ತದೆ. ಹಿಮಿರನ ಮುಖದ ಬಣ್ಣ ಬದಲಾಗುತ್ತದೆ. ಅವನಿಗೆ ಏಕಕಾಲಕ್ಕೆ ಎರಡು ಸಂಗತಿಗಳು ಕಾಣುತ್ತಿವೆ: ಆ ಹಾವಿನ ತಲೆ, ಮತ್ತು ಒಡೆದ ತಳದಿಂದ ದೋಣಿಯೊಳಗೆ ನುಗ್ಗಿ ಹೊರಗೆ ಚೆಲ್ಲುತ್ತಿರುವ ನೀರು. ಥಾರ್ ಸುತ್ತಿಗೆ ಎತ್ತುತ್ತಿರುವಂತೆಯೇ ಹಿಮಿರ್ ತಡಕಾಡಿ, ಎರೆ ಕೊಯ್ಯುವ ಚೂರಿಯನ್ನು ತೆಗೆದು ದೋಣಿಯ ಅಂಚಿನಲ್ಲಿ ದಾರವನ್ನು ಕತ್ತರಿಸುತ್ತಾನೆ. ಸರ್ಪ ಕಡಲಿಗೆ ಇಳಿದುಹೋಗುತ್ತದೆ. ಥಾರ್ ಅದರ ಹಿಂದೆ ಸುತ್ತಿಗೆ ಎಸೆಯುತ್ತಾನೆ, ಹಿಮಿರನ ಕಿವಿಗೆ ಗುದ್ದಿ ಅವನನ್ನು ತಲೆಕೆಳಗಾಗಿ ನೀರಿಗೆ ಬೀಳಿಸುತ್ತಾನೆ, ತಾನು ನಡೆದುಕೊಂಡೇ ದಡ ಸೇರುತ್ತಾನೆ.

ಸುತ್ತಿಗೆ ತಗುಲಿತೆ? ಇದರಲ್ಲಿ ಹಳೆಯ ಕವಿಗಳಿಗೇ ಒಮ್ಮತವಿಲ್ಲ. ಐಸ್‌ಲ್ಯಾಂಡಿನ ಕವಿ ಉಲ್ಫ್ ಉಗ್ಗಾಸನ್ 985ರ ಸುಮಾರಿಗೆ ಹ್ಯಾರ್ದರ್‌ಹೋಲ್ಟ್ ಎಂಬಲ್ಲಿನ ಶ್ರೀಮಂತನೊಬ್ಬನ ಹೊಸ ಮನೆಯ ಮರದ ಕೆತ್ತನೆಗಳನ್ನು ಕಂಡು ಹಾಡಿದ ಕವನದಲ್ಲಿ ಥಾರ್ ಹಾವಿನ ತಲೆಯನ್ನು ಹಾರಿಸಿಬಿಟ್ಟನೆಂದೇ ಹೇಳುತ್ತಾನೆ. ಹದಿಮೂರನೆಯ ಶತಮಾನದ ಹಸ್ತಪ್ರತಿಯಲ್ಲಿ ಉಳಿದ, ಹಿಮಿರನ ಹೆಸರನ್ನೇ ಹೊತ್ತ ಕವನದಲ್ಲಿ ದಾರ ಕತ್ತರಿಸುವ ಮಾತೇ ಇಲ್ಲ. ಅಲ್ಲಿ ಥಾರ್ ಹಾವಿನ ತಲೆಗೆ ಸುತ್ತಿಗೆಯಿಂದ ಹೊಡೆಯುತ್ತಾನೆ, ಬಂಡೆಗಳು ಮೊರೆಯುತ್ತವೆ, ಹಳೆಯ ಭೂಮಿ ಪೂರ್ತಿ ಕುಗ್ಗುತ್ತದೆ, ಆ ಮೀನು ಮುಳುಗುತ್ತದೆ. ಆಮೇಲೆ ಥಾರ್ ಮತ್ತು ಹಿಮಿರ್ ಅದೇ ದೋಣಿಯಲ್ಲಿ ಹಿಂದಿರುಗುತ್ತಾರೆ, ಹಿಮಿರ್ ದಾರಿಯುದ್ದಕ್ಕೂ ಮಾತಾಡದೆ ಕೂತಿರುತ್ತಾನೆ. ಆದರೆ ಇವರೆಲ್ಲರಿಗಿಂತ ಹಳೆಯವನು, ಒಂಬತ್ತನೆಯ ಶತಮಾನದ ಕವಿ ಬ್ರಾಗಿ. ಅವನದೆಂದು ಸ್ನೊರಿ ಉದಾಹರಿಸುವ ಸಾಲುಗಳಲ್ಲಿ ಥಾರನ ತೆಳ್ಳನೆಯ ದಾರವನ್ನು ಕತ್ತರಿಸಿದ ದೈತ್ಯ ಸ್ಪಷ್ಟವಾಗಿಯೇ ಇದ್ದಾನೆ. ಅಂದರೆ ಚೂರಿಯನ್ನು ಸ್ನೊರಿ ತನ್ನ ಕಡೆಯಿಂದ ಸೇರಿಸಲಿಲ್ಲ. ಅವನಿಗಿಂತ ಮುನ್ನೂರು ವರ್ಷ ಹಿಂದೆಯೇ ಅದು ಕಥೆಯಲ್ಲಿತ್ತು.

ಸ್ನೊರಿ ಎರಡೂ ಮಾತುಗಳನ್ನು ಬಲ್ಲವನು. ತಲೆ ಹಾರಿತೆಂದು ಜನ ಹೇಳುತ್ತಾರೆ, ಆದರೆ ಸರ್ಪ ಇನ್ನೂ ಬದುಕಿದ್ದು ಹೊರಗಡಲಿನಲ್ಲಿ ಮಲಗಿದೆ ಎಂಬುದೇ ನಿಜವೆಂದು ತನಗೆ ತೋರುತ್ತದೆ ಎಂದು ಅವನು ಕಥೆ ಹೇಳುವ ಪಾತ್ರದ ಬಾಯಿಂದ ಹೇಳಿಸುತ್ತಾನೆ. ಐಸ್‌ಲ್ಯಾಂಡ್ ಕ್ರೈಸ್ತವಾಗಿ ಇನ್ನೂರು ವರ್ಷ ಕಳೆದ ಮೇಲೆ ಹೀಗೆ ಬರೆಯಲು ಅವನಿಗೆ ಯಾವ ಒತ್ತಾಯವೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಆ ಕಾಲದ ಚರ್ಚಿನಲ್ಲಿ ಇದೇ ಚಿತ್ರಕ್ಕೆ ಬೇರೊಂದು ಮುಕ್ತಾಯ ಸಿದ್ಧವಾಗಿಯೇ ಇತ್ತು. ಬೈಬಲಿನ ಯೋಬನ ಪುಸ್ತಕದಲ್ಲಿ ಲೆವಿಯಾಥನ್ ಎಂಬ ಕಡಲಮೃಗವನ್ನು ನೀನು ಗಾಳದಿಂದ ಹಿಡಿಯಬಲ್ಲೆಯಾ ಎಂದು ದೇವರು ಕೇಳುತ್ತಾನಲ್ಲ, ಅದನ್ನು ಹಿಡಿದು ಮಹಾ ಗ್ರೆಗರಿ ಪೋಪ್ ಮೊದಲಾದವರು ಒಂದು ವ್ಯಾಖ್ಯಾನ ಕಟ್ಟಿದ್ದರು: ಕ್ರಿಸ್ತನ ಮನುಷ್ಯದೇಹವೇ ಎರೆ, ಅದರೊಳಗಿನ ದೈವತ್ವವೇ ಕೊಕ್ಕೆ, ಸೈತಾನನೆಂಬ ಲೆವಿಯಾಥನ್ ಅದನ್ನು ನುಂಗಿ ಸಿಕ್ಕಿಬಿದ್ದ. ಈ ಪುರಾಣಗಳ ಭಾಷೆಯಾದ ಹಳೆಯ ನಾರ್ಸ್‌ಗೆ ಇಂಥ ಬರಹಗಳನ್ನು ತಂದವರು ಸೈತಾನನಿಗೆ ಮಿಡ್‌ಗಾರ್ಡಿನ ಸರ್ಪದ ಹೆಸರನ್ನೇ ಕೊಟ್ಟದ್ದೂ ಉಂಟು. ಆ ಕಥೆಯಲ್ಲಿ ದಾರ ಕತ್ತರಿಸುವವನಿಲ್ಲ. ಮೀನು ಸಿಕ್ಕಿತು, ಲೋಕ ಉಳಿಯಿತು. ಸ್ನೊರಿ ಆ ಮುಕ್ತಾಯವನ್ನು ತನ್ನ ಕಥೆಗೆ ತರಲಿಲ್ಲ, ಚೂರಿಯನ್ನು ಉಳಿಸಿಕೊಂಡ. ಅವನ ಮೇಲೆ ನನಗೆ ಗೌರವ ಹೆಚ್ಚಲು ಇದೊಂದೇ ಸಾಕು.

ಕಲ್ಲುಕುಟಿಗರು ಈ ಜಗಳವನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡರು. ಡೆನ್ಮಾರ್ಕಿನ ಹೊರ್ಡುಮ್ ಚರ್ಚಿನಲ್ಲಿರುವ ಕಲ್ಲಿನಲ್ಲಿ ಇಬ್ಬರಿದ್ದಾರೆ, ಅಲ್ಲಿಯೂ ದೋಣಿಯ ತಳ ತೂರಿದ ಕಾಲಿದೆ. ಇಂಗ್ಲೆಂಡಿನ ಕಂಬ್ರಿಯಾದ ಗಾಸ್‌ಫೋರ್ಥ್ ಚರ್ಚಿನಲ್ಲಿರುವ ಹತ್ತನೆಯ ಶತಮಾನದ ಕಲ್ಲಿನಲ್ಲಿ ಎತ್ತಿನ ತಲೆ ನೀರಿನೊಳಗೆ ತೂಗುತ್ತಿದೆ, ಸುತ್ತ ಮೀನುಗಳು, ದೋಣಿಯಲ್ಲಿ ಹಿಮಿರನ ಕೈಯಲ್ಲಿ ಕೊಡಲಿ. ಗಾಟ್ಲಂಡ್ ದ್ವೀಪದ ಆರ್ದ್ರೆ ಚರ್ಚಿನ ನೆಲದಡಿ 1900ರಲ್ಲಿ ಸಿಕ್ಕ, ಈಗ ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿರುವ ಚಿತ್ರಶಿಲೆಯಲ್ಲಿಯೂ ದೋಣಿಯಲ್ಲಿ ಕೂತು ಮೀನು ಹಿಡಿಯುವ ಇಬ್ಬರಿದ್ದಾರೆ. ಅದು ಇದೇ ಕಥೆಯೆಂದು ಹಲವು ವಿದ್ವಾಂಸರ ಅಭಿಪ್ರಾಯ. ಸುಮಾರು ಮುನ್ನೂರು ವರ್ಷಗಳ ಅಂತರದಲ್ಲಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿರಲಾರದಷ್ಟು ದೂರದ ನಾಡುಗಳಲ್ಲಿ, ಯಾವ ಕೈಯೂ ಸತ್ತ ಹಾವನ್ನು ಕೆತ್ತಲಿಲ್ಲ. ಎಲ್ಲ ಕಡೆಯೂ ದಾರ ಇನ್ನೂ ಬಿಗಿಯಾಗಿಯೇ ಇದೆ.

ಹಾವನ್ನು ಕೊಲ್ಲುವ ದೇವರ ಕಥೆ ಇಂಡೋ ಯೂರೋಪಿಯನ್ ಪರಂಪರೆಗೆ ಹೊಸದಲ್ಲ. ಥಾರನ ಸುತ್ತಿಗೆಯ ಪಕ್ಕದಲ್ಲಿ ಇಂದ್ರನ ವಜ್ರವನ್ನಿಟ್ಟು ವಿದ್ವಾಂಸರು ಬಹಳ ಕಾಲದಿಂದ ಹೋಲಿಸುತ್ತಿದ್ದಾರೆ, ಆ ಹೋಲಿಕೆ ಗಟ್ಟಿಯಾದದ್ದೇ. ಆದರೆ ಋಗ್ವೇದದ ವೃತ್ರ ನೀರನ್ನು ತಡೆದು ಮಲಗಿದವನು. ಅವನು ಸತ್ತರೆ ನದಿಗಳು ಹರಿಯುತ್ತವೆ, ಹಸುಗಳಂತೆ ಕೂಗುತ್ತ ಕಡಲಿಗೆ ಇಳಿಯುತ್ತವೆ, ಬದುಕು ಶುರುವಾಗುತ್ತದೆ. ಅಲ್ಲಿ ಕೊಲೆಯೇ ಬಿಡುಗಡೆ. ಉತ್ತರದ ಕಡಲಿನಲ್ಲಿ ಹಾಗಲ್ಲ. ಅಲ್ಲಿ ನೀರಿಗೆ ಬರವಿಲ್ಲ, ನೀರು ಎಲ್ಲೆ ಮೀರುವುದೇ ಭಯ. ಹಾವು ಹಿಡಿದಿಟ್ಟಿರುವುದು ಹರಿಯಬೇಕಾದ ನದಿಯನ್ನಲ್ಲ, ಉಕ್ಕಬಾರದ ಕಡಲನ್ನು. ಇದನ್ನು ಗಮನಿಸದೆ ಓದಿದರೆ ಥಾರ್ ಗೆಲ್ಲಬೇಕಾಗಿದ್ದ ಹೋರಾಟವನ್ನು ಒಬ್ಬ ಹೇಡಿ ಕೆಡಿಸಿದನೆಂದೇ ಅನ್ನಿಸುತ್ತದೆ.

ಹಾಗೆ ಓದಿದವರೇ ಹೆಚ್ಚು. ಚಿತ್ರಕಾರ ಹೆನ್ರಿ ಫ್ಯೂಸೆಲಿ ಲಂಡನ್ನಿನ ರಾಯಲ್ ಅಕಾಡೆಮಿಗೆ 1790ರಲ್ಲಿ ಒಪ್ಪಿಸಿದ ಚಿತ್ರದಲ್ಲಿ ಥಾರ್ ಬರಿಮೈಯ ವೀರನಾಗಿ ದೋಣಿಯ ನಡುವೆ ಎದ್ದು ನಿಂತಿದ್ದಾನೆ, ಬೆಳಕೆಲ್ಲ ಅವನ ಮೈಮೇಲೆ ಬಿದ್ದಿದೆ. ಹಿಮಿರ್ ಹಿಂದಿನ ಕತ್ತಲಿನಲ್ಲಿ ಮುದುಡಿ ಕೂತ ಮುದುಕ. ಚಿತ್ರ ಅದ್ಭುತವಾಗಿದೆ, ಅದನ್ನು ನಾನು ಮೆಚ್ಚುತ್ತೇನೆ. ಆದರೆ ಹಿಮಿರನ ಭಯದಲ್ಲಿ ಅರಿವೂ ಇದೆಯೆಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಹೇಳಿದವನು ಅವನು, ಎರಡು ಸಲ ಹೇಳಿದವನು. ತಳ ಒಡೆದ ದೋಣಿಯಲ್ಲಿ, ನುಗ್ಗುವ ನೀರಿನ ನಡುವೆ, ಇನ್ನು ಒಂದು ಕ್ಷಣ ತಡವಾದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಅವನು ಹೆದರಿದ್ದು ನಿಜ. ಹೆದರಿಯೂ ಕೈ ಮರಗಟ್ಟದೆ ಚೂರಿಯನ್ನು ಹುಡುಕಿ ತೆಗೆದದ್ದೂ ಅಷ್ಟೇ ನಿಜ. ಥಾರನಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಬೆಕ್ಕಿನ ಮುಂದೆ ಆದ ಅವಮಾನಕ್ಕೆ ಪ್ರತೀಕಾರ. ಹಿಮಿರ್ ಕಾಪಾಡಿದ್ದು ತನ್ನ ಜೀವವನ್ನೇ ಇರಬಹುದು. ಆದರೆ ಅದರ ಜೊತೆಗೆ ಕಡಲೂ ತನ್ನ ಜಾಗದಲ್ಲಿ ಉಳಿಯಿತು. ಒಬ್ಬ ದೈತ್ಯ, ದೇವತೆಗಳ ಶತ್ರು, ಮನುಷ್ಯರ ಲೋಕಕ್ಕೆ ಇಷ್ಟು ದೊಡ್ಡ ಉಪಕಾರ ಮಾಡಿದ ಕಥೆ ಈ ಪುರಾಣಗಳಲ್ಲಿ ಬಹಳ ಅಪರೂಪ. ಅದಕ್ಕೆ ಅವನಿಗೆ ಸಿಕ್ಕಿದ್ದು ಕಿವಿಯ ಮೇಲೊಂದು ಗುದ್ದು.

ಅವನು ತಡೆದದ್ದು ಏನೆಂಬುದನ್ನು ಕೊನೆಯ ಯುದ್ಧವಾದ ರಾಗ್ನರಾಕ್ ತೋರಿಸಿಕೊಡುತ್ತದೆ. ಅಂದು ಸರ್ಪ ತಾನಾಗಿಯೇ ಮಗ್ಗುಲು ಬದಲಿಸುತ್ತದೆ, ದಡಕ್ಕೆ ಹತ್ತುತ್ತದೆ, ಅದು ಹತ್ತುತ್ತಿದ್ದಂತೆ ಕಡಲು ನೆಲಕ್ಕೆ ನುಗ್ಗುತ್ತದೆ. ಸತ್ತವರ ಉಗುರುಗಳಿಂದ ಕಟ್ಟಿದ ನಾಗ್ಲ್‌ಫಾರ್ ಎಂಬ ಹಡಗು ಆ ನೆರೆಯಲ್ಲಿ ತೇಲುತ್ತದೆ. ಸರ್ಪ ಗಾಳಿಯನ್ನೂ ನೀರನ್ನೂ ವಿಷದಿಂದ ತುಂಬಿಸುತ್ತ ತೋಳದ ಪಕ್ಕದಲ್ಲಿ ಬರುತ್ತದೆ. ಥಾರ್ ಅದನ್ನು ಕೊಲ್ಲುತ್ತಾನೆ, ಈ ಸಲ ತಡೆಯುವವರಾರೂ ಇಲ್ಲ. ಕೊಂದ ಮೇಲೆ ಒಂಬತ್ತು ಹೆಜ್ಜೆ ನಡೆದು ಅವನೂ ಬಿದ್ದು ಸಾಯುತ್ತಾನೆ. ಸೂರ್ಯ ಕಪ್ಪಾಗಿ ಭೂಮಿ ಕಡಲಿನಲ್ಲಿ ಮುಳುಗುವುದು ಇದಾದ ಕೂಡಲೇ ಎಂಬುದನ್ನು ಲೋಕದ ಹುಟ್ಟು ಮತ್ತು ಅಂತ್ಯವನ್ನು ಹಾಡುವ ವೋಲುಸ್ಪಾ ಎಂಬ ಹಳೆಯ ಕವನದಲ್ಲಿ ಗಮನಿಸಬಹುದು. ಅಲ್ಲಿ ಹಾವಿನ ಸಾವಿಗೂ ನೆಲದ ಮುಳುಗಡೆಗೂ ನಡುವೆ ಇನ್ನೊಂದು ಪದ್ಯವೂ ಇಲ್ಲ.

ಅದೇ ಕವನದಲ್ಲಿ ನೆಲ ಮತ್ತೊಮ್ಮೆ ಹಸಿರಾಗಿ ನೀರಿನಿಂದ ಮೇಲೆದ್ದ ಮೇಲಿನ ಸಂಗತಿಯೂ ಇದೆ. ಜಲಪಾತಗಳು ಧುಮುಕುತ್ತವೆ, ಹದ್ದು ಬೆಟ್ಟದ ಮೇಲೆ ಹಾರುತ್ತ ಮೀನು ಹಿಡಿಯುತ್ತದೆ. ಉಳಿದ ದೇವತೆಗಳು ಈದಾ ಬಯಲಿನಲ್ಲಿ ಸೇರುತ್ತಾರೆ. ಓಡಿನ್ ಇಲ್ಲ, ಥಾರ್ ಇಲ್ಲ. ಸ್ನೊರಿಯ ಪ್ರಕಾರ ಥಾರನ ಸುತ್ತಿಗೆಯನ್ನು ಅವನ ಇಬ್ಬರು ಮಕ್ಕಳು ತಂದಿದ್ದಾರೆ. ಹೊಸ ಲೋಕದಲ್ಲಿ ಒಟ್ಟಿಗೆ ಕೂತಾಗ ಅವರು ಮೊದಲು ಮಾತಾಡುವುದು ತಾವು ಕಟ್ಟಬೇಕಾದ ಮನೆಗಳ ಬಗ್ಗೆ ಅಲ್ಲ, ಗೆಲುವಿನ ಬಗ್ಗೆಯೂ ಅಲ್ಲ. ನೆಲವನ್ನು ಬಳಸಿದ್ದ ಆ ಬಲಶಾಲಿ ಸರ್ಪದ ಬಗ್ಗೆ ಅವರು ಮಾತಾಡುತ್ತಾರೆ.